"ಬೇಕಾಗುತ್ತೆ" ಅಂತ ಎತ್ತಿಟ್ಟ ಸಾಮಾನು: ಒಂದು ಮನೆಯ ಸ್ಟೋರ್ ರೂಮಿನ ಪ್ರಕರಣ

ಈ ಮನೆಯವರು ಯಾವ ವಸ್ತುವನ್ನೂ ಸುಮ್ನೆ ಬಿಸಾಕುವವರಲ್ಲ. ಖಾಲಿಯಾದ ಗಾಜಿನ ಬಾಟಲಿ, ಪಾರ್ಸೆಲ್ ಬಂದ ರಟ್ಟಿನ ಪೆಟ್ಟಿಗೆ, ಸವೆದ ಬೆಡ್‌ಶೀಟ್, ಕೆಟ್ಟ ಚಾರ್ಜರ್, ಮುಚ್ಚಳ ಕಳೆದುಹೋದ ಪ್ಲಾಸ್ಟಿಕ್ ಡಬ್ಬಿ, ಎಲ್ಲವೂ "ಮುಂದೆ ಬೇಕಾಗುತ್ತೆ" ಅಂತ ಒಂದೇ ಕೋಣೆ ಸೇರುತ್ತಿದ್ದವು. ಉದ್ದೇಶ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಗಳು ಕಳೆದ ಮೇಲೆ ಆ ಸ್ಟೋರ್ ರೂಮಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಒಳಗೆ ಜಿರಳೆ, ಮುಗ್ಗಲು ವಾಸನೆ, ಒಂದು ಗೋಡೆಗೆ ತೇವ.

ಮನೆಯಲ್ಲಿ ಐದು ಜನ. ಗಂಡ, ಹೆಂಡತಿ, ಹೈಸ್ಕೂಲು ಓದುವ ಮಗಳು, ಅವಳಿಗಿಂತ ಚಿಕ್ಕವನಾದ ಮಗ, ಗಂಡನ ತಾಯಿ. ಹೆಂಡತಿ ನನ್ನ ಗೆಳತಿ. ಮಗಳಿಗೆ ಓದಲು ಒಂದು ಕೋಣೆ ಬೇಕಾಗಿತ್ತು, ಇದ್ದ ಜಾಗ ಇದೊಂದೇ. ಗಂಡ "ಒಂದು ಗಾಡಿ ಕರೆಸಿ ಎಲ್ಲಾ ತುಂಬಿಸಿ ಕಳಿಸೋಣ" ಅಂದರು. ಅಜ್ಜಿಗೆ ಅದು ತಡೆಯಲಿಲ್ಲ. "ಒಳ್ಳೆ ಸಾಮಾನು, ಹೀಗೆ ಕಸಕ್ಕೆ ಹಾಕ್ತೀರಾ?" ಅಂತ ಮಾತು ಬಿಟ್ಟರು. ಒಣಕಸ ವಿಂಗಡಣೆಯ ಕೆಲಸದಲ್ಲಿ ನಾನು ಬಹಳ ಕಾಲದಿಂದ ಇರುವುದರಿಂದ ಗೆಳತಿ ನನ್ನನ್ನು ಕರೆದಳು. ನಾನು ಹೋದದ್ದು ಜಗಳ ಬಿಡಿಸುವುದಕ್ಕಲ್ಲ. ಅಲ್ಲಿ ಏನಿದೆ, ಯಾವುದು ಯಾವ ಸ್ಥಿತಿಯಲ್ಲಿದೆ ಅಂತ ನೋಡುವುದಕ್ಕೆ.

ನೋಡಿದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಇಬ್ಬರ ಮಾತಲ್ಲೂ ಸತ್ಯ ಇತ್ತು, ಇಬ್ಬರೂ ಗಮನಿಸದ ವಿಷಯವೂ ಒಂದಿತ್ತು. ಕೋಣೆಗೆ ಬರುವಾಗ ಒಳ್ಳೆಯದಾಗಿದ್ದ ಸಾಮಾನಿನಲ್ಲಿ ಬಹಳಷ್ಟು ಅಲ್ಲೇ ಕೂತು ಹಾಳಾಗಿತ್ತು. ಮನೆಯಲ್ಲೂ ಬಳಕೆಗೆ ಬರಲಿಲ್ಲ, ರೀಸೈಕಲ್‌ಗೂ ಹೋಗಲಿಲ್ಲ.

ರಟ್ಟಿನ ಪೆಟ್ಟಿಗೆಗಳಿಂದ ಶುರು ಮಾಡಿದೆವು, ಯಾಕಂದರೆ ಜಾಗ ತಿಂದಿದ್ದು ಅವೇ. ಮಡಚದೆ, ಒಂದರೊಳಗೊಂದು ತುರುಕಿ, ಚಾವಣಿವರೆಗೆ ಪೇರಿಸಿದ್ದರು. ತೇವದ ಗೋಡೆಗೆ ತಾಗಿದವು ಮುಟ್ಟಿದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿದ್ದವು, ಕೆಲವಕ್ಕೆ ಕಪ್ಪು ಬೂಷ್ಟು ಹಿಡಿದಿತ್ತು. ಕಾಗದದ ನಾರನ್ನು ಹೆಚ್ಚೆಂದರೆ 5ರಿಂದ 7 ಸಲ ಮತ್ತೆ ಕಾಗದ ಮಾಡಬಹುದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಪ್ರತಿ ಸಲ ನಾರು ಸ್ವಲ್ಪ ಗಿಡ್ಡವಾಗುತ್ತದೆ, ದುರ್ಬಲವಾಗುತ್ತದೆ. ಬೂಷ್ಟು ಹಿಡಿದ ರಟ್ಟಿಗೆ ಆ ಅವಕಾಶವೂ ತಪ್ಪಿಹೋಯಿತು. ಒಣಗಿದ್ದ ಪೆಟ್ಟಿಗೆಗಳ ಟೇಪ್ ಕಿತ್ತು, ತಟ್ಟೆಯಾಗಿ ಮಡಚಿ ಕಟ್ಟಿದಾಗ ಅಷ್ಟು ದೊಡ್ಡ ರಾಶಿ ಮೊಣಕಾಲೆತ್ತರಕ್ಕೆ ಇಳಿಯಿತು. ಈ ಒಂದೇ ಕೆಲಸದಿಂದ ಬಾಗಿಲು ಪೂರ್ತಿ ತೆರೆಯಿತು! ಬೂಷ್ಟು ಹಿಡಿದದ್ದನ್ನು ಮಾಸ್ಕ್ ಹಾಕಿಕೊಂಡು ಹೊರಗೆ ಸಾಗಿಸಿ, ಹರಿದು, ಗೊಬ್ಬರದ ಡ್ರಮ್ಮಿಗೆ ಹಾಕಿದೆವು. ಅಡುಗೆಮನೆಯ ಹಸಿಕಸದಲ್ಲಿ ಸಾರಜನಕ ಜಾಸ್ತಿ, ರಟ್ಟಿನಲ್ಲಿ ಇಂಗಾಲ ಜಾಸ್ತಿ. ಗೊಬ್ಬರ ಚೆನ್ನಾಗಿ ಆಗಲು ಇಂಗಾಲ ಮತ್ತು ಸಾರಜನಕ ಸುಮಾರು 30ಕ್ಕೆ 1ರ ಪ್ರಮಾಣದಲ್ಲಿರಬೇಕು. ಮಿರುಗುವ ಲೇಪನ ಇಲ್ಲದ ಕಂದು ರಟ್ಟು ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಕಾಗದದ ಚೀಲಗಳಲ್ಲಿ ಹಳೆ ಬಿಲ್ಲುಗಳ ಕಂತೆಯೂ ಇತ್ತು. ನುಣುಪಾದ ಬಿಲ್ಲಿನ ಮೇಲೆ ಉಗುರಿನಿಂದ ಜೋರಾಗಿ ಗೀರಿ ನೋಡಿ, ಕಪ್ಪು ಗೆರೆ ಮೂಡಿದರೆ ಅದು ಶಾಖದಿಂದ ಅಚ್ಚಾಗುವ ಕಾಗದ. ಅದರ ಲೇಪನದಲ್ಲಿ ಬಿಸ್ಫಿನಾಲ್ ಜಾತಿಯ ರಾಸಾಯನಿಕ ಇರುವುದು ಸಾಮಾನ್ಯ. ಹಾಗಾಗಿ ಅದು ಬೇರೆ ಕಾಗದದ ಜೊತೆ ಹೋಗಬಾರದು, ಗೊಬ್ಬರಕ್ಕಂತೂ ಬೇಡವೇ ಬೇಡ.

ಎಲ್ಲರ ಕೈ ನಿಂತದ್ದು ಇದಾದ ಮೇಲೆ. ಎರಡು ರಟ್ಟಿನ ಪೆಟ್ಟಿಗೆಗಳ ನಡುವೆ ಒಂದು ಹಳೆ ಪವರ್ ಬ್ಯಾಂಕ್ ಸಿಕ್ಕಿತು. ಹೊರಗಿನ ಕವಚ ಒಂದು ಕಡೆ ಬಾಯಿ ಬಿಟ್ಟಿತ್ತು, ಒಳಗಿನ ಬ್ಯಾಟರಿ ದಿಂಬಿನ ಹಾಗೆ ಊದಿಕೊಂಡಿತ್ತು. ಚಿಕ್ಕವನು ಒತ್ತಿ ನೋಡಲು ಕೈ ಚಾಚಿದ, ತಡೆದೆ. ಲಿಥಿಯಂ ಬ್ಯಾಟರಿ ಊದಿದೆ ಅಂದರೆ ಒಳಗೆ ಗ್ಯಾಸ್ ಸೇರಿಕೊಂಡಿದೆ. ಅದನ್ನು ಚುಚ್ಚಿದರೆ, ಒತ್ತಿದರೆ, ಬಗ್ಗಿಸಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹೊತ್ತಬಹುದು. ಅದೂ ಸುತ್ತ ಒಣ ರಟ್ಟು ತುಂಬಿದ್ದ ಕೋಣೆಯಲ್ಲಿ! ನಿಧಾನವಾಗಿ ಎತ್ತಿ, ಮರಳು ಹಾಕಿದ ಕಬ್ಬಿಣದ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿ ಮಾಡದೆ ಮನೆಯ ಹೊರಗೆ, ಬಿಸಿಲು ಬೀಳದ ಕಡೆ ಇಟ್ಟೆವು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಮೊದಲೇ ಫೋನ್ ಮಾಡಿ, ಊದಿದೆ ಅಂತ ಹೇಳಿಯೇ ಕೊಟ್ಟೆವು. ಇಂಥದ್ದು ಮಾಮೂಲಿ ಕಸದ ಚೀಲದಲ್ಲಿ ಹೋದರೆ ಗಾಡಿಯಲ್ಲಿ ಕಸ ಒತ್ತುವಾಗಲೇ ಹೊತ್ತಿಕೊಳ್ಳಬಹುದು, ಅಲ್ಲಿ ಕೆಲಸ ಮಾಡುವವರ ಜೀವಕ್ಕೆ ಅಪಾಯ.

ಅದೇ ಮೂಲೆಯಲ್ಲಿ ರಿಮೋಟು, ಗಡಿಯಾರಗಳಿಂದ ತೆಗೆದ ಪೆನ್ಸಿಲ್ ಸೆಲ್‌ಗಳ ಒಂದು ಡಬ್ಬಿ ಇತ್ತು. ಅರ್ಧಕ್ಕೂ ಹೆಚ್ಚು ಸೋರಿ ತುದಿಗೆ ಬಿಳಿ ಪುಡಿ ಕಟ್ಟಿತ್ತು. ಆಲ್ಕಲೈನ್ ಸೆಲ್‌ನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಕೆಟ್ಟದ್ದು. ಗ್ಲೌಸ್ ಹಾಕಿಕೊಂಡೇ ಎತ್ತಿದೆವು. ಪಕ್ಕದಲ್ಲಿ ಸುಟ್ಟುಹೋದ ಸಿಎಫ್‌ಎಲ್ ಬಲ್ಬುಗಳಿದ್ದವು. ಪ್ರತಿಯೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಪುಣ್ಯಕ್ಕೆ ಯಾವುದೂ ಒಡೆದಿರಲಿಲ್ಲ. ಒಡೆದಿದ್ದರೆ ಕಿಟಕಿ ತೆರೆದು, ಸ್ವಲ್ಪ ಹೊತ್ತು ಎಲ್ಲರೂ ಹೊರಗಿದ್ದು, ಆಮೇಲೆ ಚೂರುಗಳನ್ನು ದಪ್ಪ ಕಾಗದದಲ್ಲಿ ಬಾಚಿ, ಪುಡಿಯನ್ನು ಅಂಟು ಟೇಪಿನಿಂದ ಎತ್ತಿ, ಮುಚ್ಚಳ ಇರುವ ಡಬ್ಬಿಗೆ ಹಾಕಬೇಕಾಗುತ್ತಿತ್ತು. ಪೊರಕೆಯಲ್ಲಾಗಲಿ ವ್ಯಾಕ್ಯೂಮ್ ಕ್ಲೀನರ್‌ನಲ್ಲಾಗಲಿ ಗುಡಿಸಿದರೆ ಪಾದರಸ ಇನ್ನಷ್ಟು ಹರಡುತ್ತದೆ.

ಇಷ್ಟಾದ ಮೇಲೆ ಅಜ್ಜಿಯೇ "ಕರೆಂಟಿನ ಸಾಮಾನು ಒಂದೂ ಇಲ್ಲಿ ಇಡೋದು ಬೇಡ" ಅಂದರು. ಮನೆಯಲ್ಲಿ ಎಲ್ಲರೂ ಒಪ್ಪಿದ ಮೊದಲ ನಿಯಮ ಅದೇ.

ಇನ್ನೊಂದು ಅಪಾಯ ಬಾಟಲಿಗಳ ಸಾಲಲ್ಲಿತ್ತು. ನೀರಿನ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಫಿನಾಯಿಲ್, ಬಣ್ಣ ತೆಗೆಯುವ ಥಿನ್ನರ್, ಇನ್ನೊಂದರಲ್ಲಿ ಏನೋ ಗೊತ್ತಾಗದ ದ್ರವ. ಲೇಬಲ್ ಇಲ್ಲ. ಹಳೆ ಬಾಟಲಿಯನ್ನು ಬಳಸಿದ್ದಾರೆ ನಿಜ, ಆದರೆ ಇಂಥ ಮರುಬಳಕೆಯನ್ನು ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ಕುಡಿಯುವ ಬಾಟಲಿ ಕಂಡರೆ ಮಕ್ಕಳು ಕುಡಿಯುತ್ತಾರೆ, ಕತ್ತಲಲ್ಲಿ ದೊಡ್ಡವರೂ ಕುಡಿಯುತ್ತಾರೆ. ಹಾಗೆಯೇ ಕೀಟನಾಶಕ, ಪೇಂಟು ಇದ್ದ ಡಬ್ಬಿಯನ್ನು ಎಷ್ಟೇ ತಿಕ್ಕಿ ತೊಳೆದರೂ ತಿನ್ನುವ ಪದಾರ್ಥಕ್ಕೆ ಬಳಸಬಾರದು.

ಪ್ಲಾಸ್ಟಿಕ್ಕಿನ ವಿಷಯಕ್ಕೆ ಬಂದಾಗ ಮಗಳು ಪ್ರತಿ ಡಬ್ಬಿಯನ್ನೂ ತಿರುಗಿಸಿ ತಳ ನೋಡಿ "ತ್ರಿಕೋನ ಇದೆ, ಇದು ರೀಸೈಕಲ್ ಆಗುತ್ತೆ" ಅಂತ ಒಂದು ಕಡೆ ಇಡುತ್ತಿದ್ದಳು. ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ತಂದ ಗುರುತು ಅದು. ಒಳಗಿನ 1ರಿಂದ 7ರವರೆಗಿನ ಅಂಕಿ ಯಾವ ಜಾತಿಯ ಪ್ಲಾಸ್ಟಿಕ್ ಅಂತ ಮಾತ್ರ ಹೇಳುತ್ತದೆ. ಅದನ್ನು ಯಾರಾದರೂ ತೆಗೆದುಕೊಂಡು ಮತ್ತೆ ಸಾಮಾನು ಮಾಡುತ್ತಾರೆ ಅನ್ನುವ ಭರವಸೆ ಅದರಲ್ಲಿಲ್ಲ. 1 ಅಂದರೆ ನೀರಿನ ಬಾಟಲಿಯ ಪೆಟ್, 2 ಅಂದರೆ ಶಾಂಪೂ ಬಾಟಲಿಯಂಥ ಗಟ್ಟಿ ಪಾಲಿಥಿನ್, 5 ಅಂದರೆ ಪಾಲಿಪ್ರೊಪಿಲಿನ್. ಸಾಮಾನ್ಯವಾಗಿ ಈ ಮೂರಕ್ಕೆ ಬೇಡಿಕೆ ಇರುತ್ತದೆ. 7 ಅಂದರೆ "ಇತರೆ" ಅಷ್ಟೇ, ಅದರಲ್ಲಿ ಏನು ಬೇಕಾದರೂ ಇರಬಹುದು.

ಮಗಳಿಗೆ ಇದನ್ನು ಬಾಯಲ್ಲಿ ಹೇಳುವ ಬದಲು ಒಂದು ಬಕೆಟ್ ನೀರು ತರಲು ಹೇಳಿದೆ. ಪೆಟ್ ಬಾಟಲಿಯಿಂದ ಒಂದು ತುಂಡು ಕತ್ತರಿಸಿದೆವು, ಅದರ ಮುಚ್ಚಳದಿಂದ ಇನ್ನೊಂದು. ಎರಡನ್ನೂ ನೀರಿಗೆ ಹಾಕಿ ಗಾಳಿಗುಳ್ಳೆ ಹೋಗುವ ಹಾಗೆ ಬೆರಳಲ್ಲಿ ಒತ್ತಿ ಬಿಟ್ಟಾಗ ಬಾಟಲಿಯ ತುಂಡು ತಳ ಸೇರಿತು, ಮುಚ್ಚಳದ ತುಂಡು ಮೇಲೆ ಬಂತು. ಪೆಟ್ ನೀರಿಗಿಂತ ಭಾರ, ಸಾಂದ್ರತೆ ಸುಮಾರು 1.38. ಮುಚ್ಚಳದ ಪ್ಲಾಸ್ಟಿಕ್ ನೀರಿಗಿಂತ ಹಗುರ, 0.90ರಿಂದ 0.96ರ ಆಸುಪಾಸು. ರೀಸೈಕಲ್ ಘಟಕಗಳಲ್ಲೂ ಚೂರು ಮಾಡಿದ ಮೇಲೆ ಇದೇ ರೀತಿ ನೀರಿನ ತೊಟ್ಟಿಯಲ್ಲಿ ಬೇರ್ಪಡಿಸುತ್ತಾರೆ. ಅಲ್ಲಿ ತಲೆನೋವು ಅಂದರೆ ಪಿವಿಸಿ. ಅದೂ ಪೆಟ್ ಜೊತೆಗೇ ಮುಳುಗುತ್ತದೆ. ಪೆಟ್ ಕರಗಿಸಲು 250 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಬೇಕು, ಅಷ್ಟು ಬಿಸಿಗೆ ಪಿವಿಸಿ ಕೆಟ್ಟು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ಇಡೀ ರಾಶಿಯ ಗುಣಮಟ್ಟ ಹಾಳು. "ಏನೋ ಒಂದು, ಹೋಗ್ಲಿ ಹಾಕೋಣ" ಅಂತ ಒಂದೇ ಚೀಲಕ್ಕೆ ತುಂಬುವ ಅಭ್ಯಾಸ ಎಷ್ಟು ದೂರ ತಲುಪುತ್ತದೆ ನೋಡಿ.

ತೆಳು ಪ್ಲಾಸ್ಟಿಕ್ ಕವರುಗಳ ಗತಿ ಬೇರೆಯೇ ಆಗಿತ್ತು. ಒಂದರೊಳಗೆ ನೂರು ತುರುಕಿ ಕಿಟಕಿ ಹತ್ತಿರ ನೇತು ಹಾಕಿದ್ದರು. ಬಿಸಿಲು ಬಿದ್ದ ಕಡೆಯೆಲ್ಲ ಅವು ಪುಡಿಪುಡಿ, ಕೈಯಲ್ಲಿ ಹಿಡಿದರೆ ಉದುರುತ್ತಿದ್ದವು. ಬಿಸಿಲಿನ ನೇರಳಾತೀತ ಕಿರಣಕ್ಕೆ ಪಾಲಿಥಿನ್ ಮುರುಕಲಾಗುತ್ತದೆ, ಹಾಗಂತ ಮಣ್ಣಾಗುವುದಿಲ್ಲ, ಸಣ್ಣ ಚೂರಾಗುತ್ತದೆ ಅಷ್ಟೇ. ಕವರು ಸಿಕ್ಕಿದ ದಿನವೇ ಬಳಸಿದ್ದರೆ, ಇಲ್ಲ ಶುಭ್ರವಾಗಿದ್ದಾಗಲೇ ರೀಸೈಕಲ್‌ಗೆ ಕೊಟ್ಟಿದ್ದರೆ ಕೆಲಸಕ್ಕೆ ಬರುತ್ತಿತ್ತು. ರಬ್ಬರ್ ಬ್ಯಾಂಡುಗಳೂ ಹಾಗೆ, ಎಲ್ಲಾ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು.

ಮಿರುಗುವ ಪೊಟ್ಟಣಗಳನ್ನು ಅಲ್ಯೂಮಿನಿಯಂ ಫಾಯಿಲ್ ಜೊತೆ ಸೇರಿಸಿದ್ದರು. ಇದಕ್ಕೆ ಸುಲಭದ ಪರೀಕ್ಷೆ ಇದೆ. ಮುಷ್ಟಿಯಲ್ಲಿ ಮುದುರಿ ಬಿಡಿ. ಮುದುರಿದ ಹಾಗೇ ಉಳಿದರೆ ಫಾಯಿಲ್, ಮತ್ತೆ ಅರಳಿಕೊಂಡರೆ ಅದು ಲೋಹದ ತೆಳು ಲೇಪ ಇರುವ ಪ್ಲಾಸ್ಟಿಕ್. ಫಾಯಿಲ್ ಮತ್ತು ಡಬ್ಬಿಯ ಅಲ್ಯೂಮಿನಿಯಂ ನಿಜಕ್ಕೂ ಬೆಲೆಯುಳ್ಳದ್ದು. ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು 5% ಸಾಕು ಹಳೆಯದನ್ನು ಕರಗಿಸಲು. ಜಿಡ್ಡು ತೊಳೆದು, ಚೂರುಗಳನ್ನೆಲ್ಲ ಸೇರಿಸಿ ಒಂದು ದೊಡ್ಡ ಉಂಡೆ ಮಾಡಿ ಕೊಟ್ಟರೆ ವಿಂಗಡಿಸುವಾಗ ಕೈತಪ್ಪಿ ಹೋಗುವುದಿಲ್ಲ. ಪದರ ಪದರದ ಪೊಟ್ಟಣಕ್ಕೆ ಮಾತ್ರ ಅಂಥ ದಾರಿಯಿಲ್ಲ, ಬೇರೆ ಬೇರೆ ವಸ್ತುಗಳನ್ನು ತೆಳುವಾಗಿ ಬೆಸೆದಿರುವುದರಿಂದ ಬಿಡಿಸುವುದೇ ಕಷ್ಟ.

ಗಾಜು ಈ ಮನೆಯ ಒಳ್ಳೆಯ ಸುದ್ದಿ. 60ಕ್ಕೂ ಹೆಚ್ಚು ಬಾಟಲಿ, ಎಷ್ಟು ವರ್ಷ ಕೂತಿದ್ದರೂ ಒಂದಕ್ಕೂ ಏನೂ ಆಗಿರಲಿಲ್ಲ. ಕೆಟ್ಟಿದ್ದು ಮುಚ್ಚಳಗಳು. ತವರದ ಮುಚ್ಚಳದ ಒಳಗೆ ಒಂದು ಮೆತ್ತನೆ ಪದರ ಇರುತ್ತದಲ್ಲ, ವಾಸನೆ ಹಿಡಿದುಕೊಳ್ಳುವುದು ಅದೇ. ಗಾಜು ತೊಳೆದರೆ ವಾಸನೆ ಹೋಗುತ್ತದೆ, ಮುಚ್ಚಳದ್ದು ಹೋಗುವುದಿಲ್ಲ. ಗಟ್ಟಿ ಮುಚ್ಚಳ ಇದ್ದ, ಅಗಲ ಬಾಯಿಯ, ಒಂದೇ ಅಳತೆಯ ಒಂದು ಡಜನ್ ಬಾಟಲಿ ಆರಿಸಿದೆವು. ಲೇಬಲ್ ತೆಗೆಯಲು ಬಿಸಿ ನೀರು, ಸೋಡಾ. ಉಳಿದ ಅಂಟಿಗೆ ಅಡುಗೆ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿದರೆ ಬಂದುಬಿಡುತ್ತದೆ. ಇವು ಮಾಮೂಲಿ ಗಾಜು, ತಣ್ಣಗಿದ್ದಾಗ ಕುದಿಯುವ ನೀರು ಹಾಕಿದರೆ ಸೀಳುತ್ತವೆ. ಹಾಗಾಗಿ ಒಣ ಸಾಮಾನಿಗೆ ಮಾತ್ರ ಅಂತ ನಿರ್ಧಾರವಾಯಿತು.

ಉಳಿದದ್ದು ರೀಸೈಕಲ್‌ಗೆ. ಗಾಜನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಮತ್ತೆ ಗಾಜು ಮಾಡಬಹುದು, ಗುಣ ಕೆಡುವುದಿಲ್ಲ. ಆದರೆ ಒಡೆದ ಪಿಂಗಾಣಿ ಬಟ್ಟಲು, ಒವನ್‌ನಲ್ಲಿಡುವ ಪಾತ್ರೆ ಇವನ್ನು ಬಾಟಲಿ ಜೊತೆ ಹಾಕಬಾರದು. ಬಾಟಲಿ ಗಾಜು ಕರಗುವ ಬಿಸಿಗೆ ಪಿಂಗಾಣಿ ಕರಗುವುದಿಲ್ಲ, ಒವನ್ ಗಾಜು ಸರಿಯಾಗಿ ಬೆರೆಯುವುದಿಲ್ಲ. ಹೊಸ ಬಾಟಲಿಯಲ್ಲಿ ಕಲ್ಲಿನ ಕಣದಂತೆ ಉಳಿದು ಅಲ್ಲೇ ಬಿರುಕು ಬಿಡುತ್ತದೆ.

ಈಗ ಬಟ್ಟೆ. ನನಗೆ ಈ ಪ್ರಕರಣದಲ್ಲಿ ತುಂಬಾ ಮುಖ್ಯ ಅನ್ನಿಸಿದ ಭಾಗ ಇದು.

ಮೂರು ದೊಡ್ಡ ಗಂಟುಗಳಲ್ಲಿ ಬೆಡ್‌ಶೀಟ್, ಟವೆಲ್, ಬನಿಯನ್, ಮಕ್ಕಳ ಹಳೆ ಬಟ್ಟೆ. ಇವನ್ನು ಕಟ್ಟಿಟ್ಟವರು ಅಜ್ಜಿ. "ಯಾವುದಕ್ಕೆ ಅಮ್ಮ ಇಟ್ಟಿದ್ದು?" ಅಂತ ಕೇಳಿದೆ. ಪ್ರತಿಯೊಂದಕ್ಕೂ ಅವರ ಹತ್ತಿರ ಉತ್ತರ ಇತ್ತು! ಇದು ದಿಂಬಿನ ಕವರಿಗೆ, ಇದು ಕೈವಸ್ತ್ರಕ್ಕೆ, ಇದರ ಗುಂಡಿ ತೆಗೆಯಬೇಕು, ಈ ಝಿಪ್ ಗಟ್ಟಿಯಿದೆ. ಮನೆಯ ಬೇರೆ ಯಾರನ್ನು ಕೇಳಿದರೂ ತಾವು ಇಟ್ಟ ಸಾಮಾನಿಗೆ "ಯಾವುದಕ್ಕಾದರೂ ಆಗುತ್ತೆ" ಅಂತಲೇ ಹೇಳಿದ್ದರು. ಅಜ್ಜಿಗೆ ಮಾತ್ರ ಕೆಲಸ ಗೊತ್ತಿತ್ತು. ಆದರೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ, ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಬಹಳ ಕಾಲವಾಗಿತ್ತು. ಬಟ್ಟೆ ಸೇರುತ್ತಾ ಹೋಯಿತು, ಹೊಲಿಯುವ ಕೈ ನಿಂತುಹೋಗಿತ್ತು. ಕೊರತೆ ಇದ್ದದ್ದು ಕೈಗೆ, ಬಟ್ಟೆಗಲ್ಲ ಅಲ್ವಾ? ಇದನ್ನು ಆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ.

ಚಿಕ್ಕವನಿಗೆ ಯಂತ್ರ ಅಂದರೆ ಆಸೆ. ಅವನನ್ನು ಅಜ್ಜಿಯ ಪಕ್ಕ ಕೂರಿಸಿದೆವು. ಅಜ್ಜಿ ಮೊದಲು ಹೇಳಿಕೊಟ್ಟದ್ದು ಬೆಡ್‌ಶೀಟ್. ಬೆಡ್‌ಶೀಟ್ ಸವೆಯುವುದು ಯಾವಾಗಲೂ ನಡುವೆ, ಜನ ಮಲಗುವ ಜಾಗದಲ್ಲಿ. ಎರಡು ಪಕ್ಕದ ಅಂಚು ಹೊಸದರಂತೆಯೇ ಇರುತ್ತದೆ. ಬೆಳಕಿಗೆ ಹಿಡಿದು ನೋಡಿದಾಗ ನಡುವೆ ಬೆಳಕು ತೂರಿ ಬರುತ್ತಿತ್ತು, ಅಂಚಲ್ಲಿ ಬರುತ್ತಿರಲಿಲ್ಲ. ಅದನ್ನು ಉದ್ದಕ್ಕೆ ಸರಿಯಾಗಿ ನಡುವೆ ಸೀಳಿದರು. ಎರಡು ತುಂಡುಗಳನ್ನು ಅದಲುಬದಲು ಮಾಡಿ, ಹೊರಗಿದ್ದ ಗಟ್ಟಿ ಅಂಚುಗಳನ್ನು ಒಂದಕ್ಕೊಂದು ಸೇರಿಸಿ ಚಪ್ಪಟೆಯಾಗಿ ಹೊಲಿಸಿದರು. ಸವೆದ ಭಾಗ ಈಗ ಹೊರಗೆ ಬಂತು. ತೀರಾ ಜಾಳಾದಷ್ಟನ್ನು ಕತ್ತರಿಸಿ, ಉಳಿದದ್ದನ್ನು ಮಡಿಸಿ ಅಂಚು ಹೊಲಿದರೆ ಮುಗಿಯಿತು. ಸ್ವಲ್ಪ ಅಗಲ ಕಡಿಮೆಯಾದ, ಇನ್ನಷ್ಟು ವರ್ಷ ಬಾಳುವ ಬೆಡ್‌ಶೀಟ್. ಹುಡುಗನ ಹೊಲಿಗೆ ಸೊಟ್ಟಪಟ್ಟ ಆಗಿತ್ತು, ಅಜ್ಜಿ ಬಿಚ್ಚಿಸಿ ಮತ್ತೆ ಹೊಲಿಸಿದರು. ಸೋಮಾರಿತನಕ್ಕೆ ಅವರ ಹತ್ತಿರ ಜಾಗವಿಲ್ಲ.

ಹತ್ತಿ ಬನಿಯನ್, ಟವೆಲ್‌ಗಳನ್ನು ಒರೆಸುವ ಬಟ್ಟೆ ಮಾಡಿದರು. ಪಾಲಿಯೆಸ್ಟರ್ ಅದಕ್ಕೆ ಆಗುವುದಿಲ್ಲ, ನೀರು ಹೀರುವುದಿಲ್ಲ, ಸುಮ್ನೆ ಹರಡುತ್ತದೆ. ಹಾಕಿಕೊಳ್ಳಬಹುದಾದ ಮಕ್ಕಳ ಬಟ್ಟೆ ಒಗೆದು, ಗುಂಡಿ ಸರಿಮಾಡಿ, ಬೇಕು ಅಂದವರಿಗೆ ಕೊಟ್ಟರು. ಎಲ್ಯಾಸ್ಟಿಕ್ ಸತ್ತ ಬಟ್ಟೆಗಳನ್ನು ಮಾತ್ರ ಬಿಡಬೇಕಾಯಿತು.

ಇದೇ ಗಂಟುಗಳಲ್ಲಿ ಬಟ್ಟೆ ಬ್ಯಾಗುಗಳ ದೊಡ್ಡ ರಾಶಿಯೂ ಇತ್ತು, ಬಹಳಷ್ಟು ಒಮ್ಮೆಯೂ ಬಳಸದವು. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಮೇಲಿನ ಪರಿಣಾಮದಲ್ಲಿ ಒಂದು ಹತ್ತಿ ಬ್ಯಾಗ್, ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಬ್ಯಾಗಿಗಿಂತ ಕೆಳಗೆ ಬರಬೇಕಾದರೆ ಅದನ್ನು 131 ಸಲ ಬಳಸಬೇಕು. ಹತ್ತಿ ಬೆಳೆಯಲು, ನೇಯಲು ಅಷ್ಟು ಖರ್ಚಾಗಿದೆ. ಪ್ಲಾಸ್ಟಿಕ್ ಕಸ ಸಮುದ್ರ ಸೇರುವುದು, ಜಾನುವಾರು ತಿನ್ನುವುದು ಈ ಲೆಕ್ಕದಲ್ಲಿಲ್ಲ, ಹಾಗಾಗಿ ಬಟ್ಟೆ ಬ್ಯಾಗು ಬೇಡ ಅಂತ ನಾನು ಹೇಳುತ್ತಿಲ್ಲ. ಇರುವ ಎರಡು ಮೂರನ್ನೇ ಹರಿಯುವವರೆಗೆ ಬಳಸಿ, ಪುಕ್ಕಟೆ ಕೊಟ್ಟರೂ ಹೊಸದು ಬೇಡ ಅನ್ನಿ. ಗೆಳತಿ ಎರಡು ಬ್ಯಾಗನ್ನು ಬಾಗಿಲ ಹಿಂದಿನ ಕೊಕ್ಕೆಗೆ ಹಾಕಿದಳು. ಸ್ಟೋರ್ ರೂಮಿನಲ್ಲಿದ್ದಾಗ ನೆನಪಾಗದ ಬ್ಯಾಗು ಅಲ್ಲಿ ಪ್ರತಿ ಸಲ ಕಣ್ಣಿಗೆ ಬೀಳುತ್ತದೆ.

ಕೋಣೆ ಖಾಲಿಯಾಯಿತು, ಮಗಳ ಮೇಜು ಒಳಗೆ ಬಂತು. ಗಂಡ ಹೇಳಿದಂತೆ ಬಹಳಷ್ಟು ಹೊರಗೆ ಹೋಯಿತು, ಆದರೆ ಒಂದೇ ಗಾಡಿಯಲ್ಲಿ ಕಸವಾಗಿ ಹೋಗಲಿಲ್ಲ. ಮತ್ತೆ ತುಂಬದ ಹಾಗೆ ಏನು ಮಾಡಬೇಕು ಅನ್ನುವುದಕ್ಕೆ ಅವರೇ ಕೂತು ಕೆಲವು ನಿಯಮ ಮಾಡಿಕೊಂಡರು. ಎತ್ತಿಡುವ ಸಾಮಾನಿಗೆ ಒಂದೇ ಶೆಲ್ಫ್. ಅದು ತುಂಬಿದರೆ ಹೊಸದನ್ನು ಇಡಬೇಕಾದವರು ಒಂದನ್ನು ತೆಗೆಯಬೇಕು. ಇಡುವಾಗ ಮಗಳ ಮಾರ್ಕರ್‌ನಿಂದ ದಿನಾಂಕ ಮತ್ತು ಯಾವುದಕ್ಕೆ ಅಂತ ಬರೆಯಬೇಕು. ಮೂರು ತಿಂಗಳಲ್ಲಿ ಆ ಕೆಲಸಕ್ಕೆ ಬರದಿದ್ದರೆ ರೀಸೈಕಲ್‌ಗೆ. ಖಾಲಿಯಾದ ಡಬ್ಬಿಯನ್ನು ಪಾತ್ರೆ ತೊಳೆದ ಮೇಲೆ ಉಳಿದ ಸೋಪು ನೀರಲ್ಲಿ ಅವತ್ತೇ ತೊಳೆದು ಕವುಚಿಡಬೇಕು.

ಮಾಡಿದ್ದೆಲ್ಲವೂ ಉಳಿದುಕೊಂಡಿಲ್ಲ. ಮಕ್ಕಳು ಬಾಟಲಿಗಳಿಂದ ಮಾಡಿದ ಪೆನ್ನಿನ ಸ್ಟ್ಯಾಂಡು, ಹೂದಾನಿಗಳು ಬೇಕಾದ್ದಕ್ಕಿಂತ ಜಾಸ್ತಿಯಾದವು, ಬಣ್ಣ, ಅಂಟು, ಮಿಂಚು ಮೆತ್ತಿದ್ದರಿಂದ ಅವನ್ನು ರೀಸೈಕಲ್‌ಗೆ ಕೊಡುವುದೂ ಕಷ್ಟವಾಯಿತು. ಗೊಬ್ಬರದ ಡ್ರಮ್ಮು ಒಮ್ಮೆ ವಾಸನೆ ಬಂತು, ಹರಿದ ರಟ್ಟು ಇನ್ನಷ್ಟು ಹಾಕಿ ತಿರುವಿದ ಮೇಲೆ ಸರಿಹೋಯಿತು. ಗಂಡ ಇನ್ನೂ ರಟ್ಟಿನ ಪೆಟ್ಟಿಗೆ ಎತ್ತಿಡುತ್ತಾರೆ, ಆದರೆ ಮಡಚಿ, ಎರಡೇ. ಗಟ್ಟಿಯಾಗಿ ಉಳಿದುಕೊಂಡದ್ದು ಹೊಲಿಗೆ. ಯಂತ್ರದ ಮೇಲಿನ ಬಟ್ಟೆ ತೆಗೆದದ್ದು ಮತ್ತೆ ಹೊದಿಸಿಲ್ಲ, ಹುಡುಗ ಈಗ ಝಿಪ್ ಹಾಕುವುದನ್ನು ಕಲಿಯುತ್ತಿದ್ದಾನೆ.

ಕೆಲವು ತಿಂಗಳ ನಂತರವೂ ದಾರಿ ಸಿಗದೆ ಉಳಿದದ್ದು ಎರಡು: ಪದರದ ಪೊಟ್ಟಣ ಮತ್ತು ಥರ್ಮೋಕೋಲ್. ಥರ್ಮೋಕೋಲ್‌ನ ಗಾತ್ರದಲ್ಲಿ ಸುಮಾರು 98% ಗಾಳಿಯೇ, ಸಾಗಿಸಿದರೆ ಗಾಳಿ ಸಾಗಿಸಿದಂತೆ, ಅದಕ್ಕೇ ತೆಗೆದುಕೊಳ್ಳುವವರು ಕಡಿಮೆ. ಡಚ್ ರಾಜಕಾರಣಿ ಆಡ್ ಲಾನ್ಸಿಂಕ್ 1979ರಲ್ಲಿ ಅಲ್ಲಿನ ಸಂಸತ್ತಿನ ಮುಂದಿಟ್ಟ ಕಸದ ಏಣಿಯಲ್ಲಿ ಮೇಲಿನ ಮೆಟ್ಟಿಲು ಕಸವೇ ಆಗದಂತೆ ನೋಡಿಕೊಳ್ಳುವುದು, ಮರುಬಳಕೆ, ರೀಸೈಕಲ್ ಎಲ್ಲಾ ಅದರ ಕೆಳಗೆ. ಗೆಳತಿ ಈಗ ಆ ಮೆಟ್ಟಿಲಲ್ಲಿ ಪ್ರಯತ್ನ ಮಾಡುತ್ತಿದ್ದಾಳೆ. ಸಣ್ಣ ಪೊಟ್ಟಣ ಬಿಟ್ಟು ದೊಡ್ಡದು, ಸಾಧ್ಯವಾದ ಕಡೆ ಡಬ್ಬಿ ಒಯ್ದು ತುಂಬಿಸಿಕೊಂಡು ಬರುವುದು. ಪಾರ್ಸೆಲ್ ತರಿಸುವಾಗ ಥರ್ಮೋಕೋಲ್ ಬೇಡ, ಕಾಗದ ಸಾಕು ಅಂತ ಬರೆಯುತ್ತಾಳೆ. ಕೆಲವರು ಕೇಳುತ್ತಾರೆ, ಕೆಲವರು ಕೇಳುವುದಿಲ್ಲ, ಕೇಳದವರಿಂದ ತರಿಸುವುದನ್ನು ಕಡಿಮೆ ಮಾಡಿದ್ದಾಳೆ.